ಕಾಲು ಗಂಟೆಗೊಮ್ಮೆ ಬಂದು ಹೋಗುವ ಹೊಟ್ಟೆ ನೋವು: ನಿಮ್ಮ ಮಕ್ಕಳಿಗೂ ಹೀಗೆ ಆಗಿತ್ತಾ?

ಮುಳಬಾಗಿಲು ಅಮ್ಮ · ಭಾನುವಾರ ರಾತ್ರಿ 9:40

ನಮ್ಮ ಮಗನಿಗೆ ಈಗ 10 ತಿಂಗಳು. ಆಸ್ಪತ್ರೆಯಿಂದ ಮನೆಗೆ ಬಂದು ಒಂದು ವಾರ ಆಯಿತು, ಆರಾಮಾಗಿದ್ದಾನೆ. ನನಗೆ ಮಾತ್ರ ಇನ್ನೂ ಸರಿಯಾಗಿ ನಿದ್ದೆ ಬರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಬೆಳಗಿನ ಜಾವ ಇದ್ದಕ್ಕಿದ್ದ ಹಾಗೆ ಚೀರಿಕೊಂಡ. ಎರಡೂ ಕಾಲು ಹೊಟ್ಟೆಗೆ ಮಡಚಿಕೊಂಡ, ಮುಖ ಬಿಳಿಚಿಕೊಂಡಿತ್ತು. ಎರಡು ನಿಮಿಷ ಅಷ್ಟೇ. ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ನನ್ನ ತಾಳಿ ಹಿಡಿದು ಎಳೆಯೋಕೆ ಶುರು ಮಾಡಿದ. ಗ್ಯಾಸ್ ಇರಬೇಕು ಅಂತ ಹೊಕ್ಕುಳ ಸುತ್ತ ಇಂಗು ಹಚ್ಚಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಚೀರಾಟ, ಮತ್ತೆ ಸುಮ್ಮನೆ. ಎರಡು ಸಲ ವಾಂತಿ ಆಯಿತು. ಮೊದಲು ಹಾಲು, ಆಮೇಲೆ ಹಳದಿ ನೀರು.

ಎಂಟು ಗಂಟೆಗೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರ್ ಮುಂದೆ ಕೂರಿಸಿದಾಗ ಮಗ ಅವರ ಪೆನ್ನು ನೋಡಿ ನಗುತ್ತಿದ್ದ! ಅವರು ಹೊಟ್ಟೆ ಮುಟ್ಟಿ ನೋಡಿ, ಗ್ಯಾಸು, ಜೊತೆಗೆ ಹಲ್ಲು ಬರುತ್ತಿದೆ ಅಂತ ಡ್ರಾಪ್ಸ್ ಬರೆದುಕೊಟ್ಟರು. ಅವರನ್ನು ಬೈಯುವ ಮನಸ್ಸಿಲ್ಲ. ಆ ಐದು ನಿಮಿಷ ಮಾತ್ರ ನೋಡಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ನಮ್ಮವರು ಒಂದು ಕೆಲಸ ಮಾಡಿದರು. ಡೇರಿಗೆ ಹಾಲು ಹಾಕುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಅಳು ಶುರುವಾದ ಟೈಮ್ ಬರೆದುಕೊಳ್ಳುತ್ತಾ ಹೋದರು. 9:05, 9:22, 9:40, 9:56, 10:15. ಆ ಹಾಳೆ ನೋಡಿ ನನ್ನ ಕೈ ತಣ್ಣಗಾಯಿತು. ಗ್ಯಾಸು ಹೀಗೆ ಗಡಿಯಾರ ನೋಡಿಕೊಂಡು ಬರುತ್ತಾ? ಹನ್ನೊಂದರ ಹೊತ್ತಿಗೆ ಅಳು ಕಡಿಮೆ ಆಯಿತು. ಅಳು ನಿಂತರೆ ಸಮಾಧಾನ ಆಗಬೇಕು ಅಲ್ವಾ? ಕರೆದರೆ ತಿರುಗಿ ನೋಡಲಿಲ್ಲ. ಒದ್ದೆ ಬಟ್ಟೆ ಥರ ಹೆಗಲ ಮೇಲೆ ಜೋತುಬಿದ್ದ. ಆಗ ನಮ್ಮ ಬೀದಿಯ ಹಿರಿಯರೊಬ್ಬರು, ಇಲ್ಲಿ ಕೂರಬೇಡಿ, ದೊಡ್ಡಾಸ್ಪತ್ರೆಗೆ ಹೊರಡಿ ಅಂದರು.

ಕೋಲಾರದಲ್ಲಿ ಸ್ಕ್ಯಾನ್ ಮಾಡಿದವರು ಕರುಳೊಳಗೆ ಕರುಳು ಹೊಕ್ಕಿದೆ ಅಂದರು. ಇಂಟಸಸೆಪ್ಷನ್ ಅಂತ ಅದರ ಹೆಸರು. ಪರದೆ ಮೇಲೆ ಒಂದರೊಳಗೊಂದು ಬಳೆ ಇಟ್ಟ ಹಾಗೆ ಕಾಣುತ್ತಿತ್ತು. ಅಲ್ಲಿಂದ ಆಂಬುಲೆನ್ಸಲ್ಲಿ ಬೆಂಗಳೂರು. ಎಕ್ಸ್‌ರೇಯಲ್ಲಿ ನೋಡುತ್ತಾ, ಮಲದ್ವಾರದಿಂದ ಗಾಳಿ ಬಿಟ್ಟು ಆ ಕರುಳನ್ನು ಹಿಂದಕ್ಕೆ ತಳ್ಳಿದರು. ಆಪರೇಷನ್ ಬೇಕಾಗಲಿಲ್ಲ. ಸಂಜೆಗೆ ಹಾಲು ಕೇಳಿದ.

ಇಂಥ ಕಾಯಿಲೆ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಚಿಕ್ಕ ಮಕ್ಕಳ ಹೊಟ್ಟೆ ನೋವಿಗೆ ಯಾರೂ ನೆನೆಸದ ಕಾರಣ ನಿಮಗೂ ಎದುರಾಗಿದ್ದರೆ ಬರೆಯಿರಿ.

ಬಂಗಾರಪೇಟೆ ಪಾನಿಪುರಿ · ರಾತ್ರಿ 9:58

ಓದಿ ಎದೆ ಝಲ್ ಅಂತು. ನಮ್ಮ ಪಾಪುಗೆ ಒಂದೂವರೆ ತಿಂಗಳು. ಭೇದಿ ಬರದ ಹಾಗೆ ಕೊಡುವ ರೋಟಾ ಲಸಿಕೆ ಹಾಕಿಸಿದರೆ ಇದೇ ಕರುಳಿನ ಕಾಯಿಲೆ ಬರುತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತು. ನಿಜವಾ? ನಾಳಿದ್ದು ಹಾಕಿಸಬೇಕು.

ಕೋಲಾರ ಮಕ್ಕಳ ಡಾಕ್ಟರ್ · ರಾತ್ರಿ 10:31

ಹಾಕಿಸಿ, ಮುಂದೂಡಬೇಡಿ. ಆ ಮೆಸೇಜಿನ ಮೂಲ ಹಳೇ ಕಥೆ. ಅಮೆರಿಕದಲ್ಲಿ 1998ರಲ್ಲಿ ಬಂದ ಒಂದು ರೋಟಾ ಲಸಿಕೆಯಿಂದ ಇದು ಜಾಸ್ತಿ ಆಗುತ್ತಿದೆ ಅಂತ ಕಂಡುಬಂತು. 1999ರಲ್ಲೇ ಅದನ್ನು ವಾಪಸ್ ತೆಗೆದುಕೊಂಡರು. ಈಗಿನವು ಬೇರೆ ಲಸಿಕೆಗಳು. ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮಕ್ಕೆ 2016ರಲ್ಲಿ ರೋಟಾ ಲಸಿಕೆ ಬಂತು. 6, 10, 14 ವಾರಕ್ಕೆ ಬಾಯಿಗೆ ಕೊಡುತ್ತಾರೆ. ಭಾರತದಲ್ಲೇ ತಯಾರಾದ ಲಸಿಕೆಯ ಬಗ್ಗೆ ನಮ್ಮ ಮಕ್ಕಳಲ್ಲೇ ದೊಡ್ಡ ಅಧ್ಯಯನ ಆಗಿದೆ, ಅದರಲ್ಲಿ ಈ ಕಾಯಿಲೆ ಹೆಚ್ಚಾಗಿದ್ದು ಕಾಣಲಿಲ್ಲ. ಭೇದಿಯಿಂದ ಒಣಗಿಹೋಗಿ ಬರುವ ಮಕ್ಕಳನ್ನು ನೋಡಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಮುಳಬಾಗಿಲು ಅಮ್ಮನವರೇ, ನೀವು ಬರೆದದ್ದನ್ನು ನಮ್ಮ ಹೊಸ ಡಾಕ್ಟರ್ ಹುಡುಗರಿಗೆ ಓದಿಸಬೇಕು ಅನ್ನಿಸಿತು. ಅಂಗಿ ಕಳಚುವಾಗ ತೋಳು ಒಳಮಗ್ಗುಲಾಗಿ ತನ್ನೊಳಗೇ ಸೇರಿಕೊಳ್ಳುತ್ತಲ್ಲ, ಕರುಳಿಗೂ ಹಾಗೇ ಆಗುತ್ತೆ. ಎಷ್ಟೋ ಸಲ ಮುಂಚೆ ನೆಗಡಿಯೋ ಭೇದಿಯೋ ಆಗಿರುತ್ತೆ. ಕರುಳಿನ ಗೋಡೆಯಲ್ಲಿರುವ ಸಣ್ಣ ಗ್ರಂಥಿಗಳು ಊದಿಕೊಂಡಿರುತ್ತವೆ, ಕರುಳು ಅದನ್ನೇ ಆಹಾರ ಅಂದುಕೊಂಡು ಮುಂದಕ್ಕೆ ನೂಕುತ್ತೆ. ಜಾಸ್ತಿ ಕಾಣುವುದು 3 ತಿಂಗಳಿಂದ 3 ವರ್ಷದೊಳಗೆ. ಪುಸ್ತಕದಲ್ಲಿ ನೋವು, ವಾಂತಿ, ಕೆಂಪು ಜೆಲ್ಲಿಯಂಥ ಮಲ ಅಂತ ಮೂರು ಲಕ್ಷಣ ಓದಿರುತ್ತೇವೆ. ಮೂರೂ ಒಟ್ಟಿಗೆ ಇರುವುದು ಅರ್ಧಕ್ಕಿಂತ ಕಡಿಮೆ ಮಕ್ಕಳಲ್ಲಿ. ಆ ಜೆಲ್ಲಿ ಕಾಣುವ ಹೊತ್ತಿಗೆ ತಡವಾಗಿರುತ್ತೆ. ನೋವು ಬಿಟ್ಟು ಬಿಟ್ಟು ಬರುವುದು, ಆಮೇಲೆ ಮಗು ಮಂಕಾಗುವುದು, ಇವೆರಡೇ ನಮಗೆ ಸಾಕಾಗಬೇಕು. ನಿಮ್ಮ ಯಜಮಾನರ ಹಾಳೆ ಅದನ್ನೇ ಹೇಳುತ್ತಿತ್ತು.

ಒಂದು ಮಾತು ನೆನಪಿರಲಿ. ನೂರರಲ್ಲಿ ಸುಮಾರು ಹತ್ತು ಮಕ್ಕಳಿಗೆ ಇದು ಮತ್ತೆ ಆಗುತ್ತೆ. ಮತ್ತೆ ಅದೇ ಥರ ಅತ್ತರೆ ಡ್ರಾಪ್ಸ್ ಹುಡುಕಬೇಡಿ, ನೇರ ಹೊರಡಿ.

ನಿವೃತ್ತ ಸ್ಟಾಫ್ ನರ್ಸ್ · ರಾತ್ರಿ 11:12

ನಾನು ಹೇಳೋದನ್ನು ಹೊಟ್ಟೆ ನೋವಿನ ಪಟ್ಟಿಯಲ್ಲಿ ಯಾರೂ ಬರೆಯಲ್ಲ.

ಆಗ ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ಮಳೆಗಾಲ. ಬೆಳಗಿನ ಐದಕ್ಕೆ ಒಂದು ಐದು ವರ್ಷದ ಹುಡುಗಿಯನ್ನು ಎತ್ತಿಕೊಂಡು ಬಂದರು. ಹೊಟ್ಟೆ ನೋವು, ಎರಡು ಸಲ ವಾಂತಿ. ಹಿಂದಿನ ದಿನ ಊರಲ್ಲಿ ದೀಪದ ಹಬ್ಬ ಇತ್ತಂತೆ. 'ಊಟ ಜಾಸ್ತಿ ಆಗಿದೆ ಸಿಸ್ಟರ್, ಪಾಯಸ ಮೂರು ಸಲ ಹಾಕಿಸಿಕೊಂಡಳು' ಅಂತ ಅಪ್ಪ. ಜ್ವರ ಇಲ್ಲ. ಹೊಟ್ಟೆ ಮೆತ್ತಗೆ. ಒಂದು ಇಂಜೆಕ್ಷನ್ ಕೊಟ್ಟು ಮಲಗಿಸೋಣ ಅಂತ ಟ್ರೇ ತೆಗೆದುಕೊಂಡೆ.

ಹುಡುಗಿ ನನ್ನ ಕಡೆ ನೋಡಬೇಕಾದರೆ ಗಲ್ಲ ಮೇಲಕ್ಕೆತ್ತಿ ನೋಡಿದಳು. ಅಳು ಇಲ್ಲ, ಭಯ ಇಲ್ಲ. ರೆಪ್ಪೆ ಅರ್ಧ ಮುಚ್ಚಿತ್ತು. ನಿದ್ದೆ ಇರಬೇಕು ಅಂದುಕೊಂಡೆ. 'ಮೇಲೆ ಫ್ಯಾನ್ ನೋಡು ಪುಟ್ಟಿ' ಅಂದೆ. ಕಣ್ಣಗುಡ್ಡೆ ಸ್ವಲ್ಪ ಹೋಯಿತು, ರೆಪ್ಪೆ ಏಳಲಿಲ್ಲ. ಬಾಯಲ್ಲಿ ಎಂಜಲು ನಿಂತಿತ್ತು, ನುಂಗುತ್ತಿರಲಿಲ್ಲ. ಡ್ಯೂಟಿ ಡಾಕ್ಟರನ್ನು ಎಬ್ಬಿಸಿದೆ. ಅವರು ಬಂದು ಹೊಟ್ಟೆ ಮುಟ್ಟಲೇ ಇಲ್ಲ. 'ರಾತ್ರಿ ಎಲ್ಲಿ ಮಲಗಿದ್ದಳು?' ಅಂತ ಕೇಳಿದರು. ನೆಂಟರು ಜಾಸ್ತಿ ಇದ್ದರು, ಮಕ್ಕಳೆಲ್ಲ ನಡುಮನೆಯಲ್ಲಿ ಚಾಪೆ ಮೇಲೆ, ಅಂದರು.

ಕಟ್ಟು ಹಾವು. ಕಪ್ಪು ಮೈಗೆ ಬಿಳಿ ಪಟ್ಟೆ ಇರುತ್ತಲ್ಲ, ಅದು. ರಾತ್ರಿ ಓಡಾಡುತ್ತೆ. ಕಚ್ಚಿದರೆ ನೋವೂ ಅಷ್ಟಾಗಿ ಆಗಲ್ಲ, ಊತವೂ ಬರಲ್ಲ. ಮಲಗಿದ್ದವರಿಗೆ ಎಚ್ಚರವೇ ಆಗದಿರಬಹುದು. ಎಷ್ಟೋ ಸಲ ಮೊದಲು ಬರೋದೇ ಹೊಟ್ಟೆ ನೋವು, ವಾಂತಿ. ಆಮೇಲೆ ರೆಪ್ಪೆ ಬೀಳುತ್ತೆ, ನುಂಗೋಕೆ ಆಗಲ್ಲ, ಕೊನೆಗೆ ಉಸಿರು. ಟಾರ್ಚ್ ಹಾಕಿ ಮೈಯೆಲ್ಲ ಹುಡುಕಿದೆವು, ಕಚ್ಚಿದ ಗುರುತು ಸಿಗಲಿಲ್ಲ. ಡಾಕ್ಟರ್ ಗುರುತಿಗಾಗಿ ಕಾಯಲಿಲ್ಲ, ಹಾವಿನ ವಿಷದ ಔಷಧಿ ಶುರು ಮಾಡಿದರು. ಗಂಟಲಿಗೆ ಟ್ಯೂಬ್ ಹಾಕಿ, ಬೆಂಗಳೂರಿನವರೆಗೆ ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ಹೋದವಳು ನಾನೇ. ಎರಡು ಕೈಯೂ ಮರಗಟ್ಟಿಹೋಗಿತ್ತು. ಒಂಬತ್ತನೇ ದಿನ ನಡೆದುಕೊಂಡು ಮನೆಗೆ ಹೋದಳು.

ಆಮೇಲೆ ನಾನು ಬೆಳಗಿನ ಜಾವ ಬರುವ ಪ್ರತಿ ಹೊಟ್ಟೆ ನೋವಿಗೂ ಕೇಳುತ್ತಿದ್ದೆ, ಮಂಚದ ಮೇಲಾ ನೆಲದ ಮೇಲಾ ಅಂತ. ಜೊತೆಯವರು ನಗುತ್ತಿದ್ದರು.

ಕೋಲಾರ ಮಕ್ಕಳ ಡಾಕ್ಟರ್ · ರಾತ್ರಿ 11:20

ಸಿಸ್ಟರ್, ನಗುವ ವಿಷಯವೇ ಅಲ್ಲ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳಲ್ಲಿ ಸೇರಿಸಿದೆ. ನಮ್ಮಲ್ಲಿ ಸಿಗುವ ಔಷಧಿ ನಾಗರಹಾವು, ಕಟ್ಟು ಹಾವು, ಮಂಡಲದ ಹಾವು, ಗರಗಸ ಮಂಡಲ ನಾಲ್ಕಕ್ಕೂ ಕೆಲಸ ಮಾಡುತ್ತೆ, ಹಾವನ್ನು ಹಿಡಿದು ತರಬೇಕಿಲ್ಲ. ಜನ ಹಾವು ಹುಡುಕುವುದರಲ್ಲೇ ಒಂದು ಗಂಟೆ ಕಳೆಯುತ್ತಾರೆ.

ಚಿಂತಾಮಣಿ ಮೇಷ್ಟ್ರು · ಸೋಮವಾರ ಬೆಳಿಗ್ಗೆ 6:50

ಎಲ್ಲರೂ ದೊಡ್ಡ ದೊಡ್ಡ ಕಾಯಿಲೆ ಹೇಳುತ್ತಿದ್ದೀರಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡು ಜಿಲ್ಲೆಯ ಮಕ್ಕಳ ಹೊಟ್ಟೆ ನೋವಿಗೆಲ್ಲ ಕಾರಣ ಒಂದೇ, ಬೋರ್‌ವೆಲ್ ನೀರಿನ ಫ್ಲೋರೈಡ್. ಇದನ್ನು ಯಾರೂ ಬರೆಯಲ್ಲ.

ನಿವೃತ್ತ ಸ್ಟಾಫ್ ನರ್ಸ್ · ಬೆಳಿಗ್ಗೆ 7:15

ಮೇಷ್ಟ್ರೇ, ಫ್ಲೋರೈಡ್ ಇರುವುದು ನಿಜ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ, ಅದನ್ನು ದಾಟಿದ ಬೋರ್‌ವೆಲ್ ನಮ್ಮ ಕಡೆ, ಪಾವಗಡದ ಕಡೆ ಬೇಕಾದಷ್ಟಿವೆ. ಆದರೆ ಅದು ವರ್ಷಗಟ್ಟಲೆ ಕುಡಿದು ಹಲ್ಲು, ಮೂಳೆ ಹಿಡಿಯುವ ಕಾಯಿಲೆ. ರಾತ್ರಿ ಚೆನ್ನಾಗಿ ಮಲಗಿದ ಮಗು ಬೆಳಿಗ್ಗೆ ಚೀರಿದರೆ ನೀರಿನ ಮೇಲೆ ಹಾಕಿ ಕೂರೋಕೆ ಆಗುತ್ತಾ?

ಚಿಂತಾಮಣಿ ಮೇಷ್ಟ್ರು · ಬೆಳಿಗ್ಗೆ 7:32

ಒಪ್ಪಿದೆ. ಸ್ವಲ್ಪ ಜಾಸ್ತಿ ಹೇಳಿದೆ.

ನಾನು ಕಣ್ಣಾರೆ ಕಂಡಿದ್ದನ್ನೇ ಹೇಳುತ್ತೇನೆ. ಒಂದು ಮಧ್ಯಾಹ್ನ ಒಂದನೇ ಕ್ಲಾಸಿನ ಆರು ಮಕ್ಕಳು ಒಟ್ಟಿಗೆ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿಕೊಂಡರು. ಎಲ್ಲರ ಕಣ್ಣೂ ಬಿಸಿಯೂಟದ ಅಡುಗೆಯವರ ಮೇಲೆ. ಪಾಪ, ಆಕೆ ಅಳುತ್ತಾ ನಿಂತಿದ್ದರು. ಊಟ ಮಾಡಿದ್ದ ಬೇರೆ ಮಕ್ಕಳೆಲ್ಲ ಆಟ ಆಡುತ್ತಿದ್ದಾರೆ, ಇದು ಹೇಗೆ ಅಂತ ನನಗೆ ಅನುಮಾನ. ಒಬ್ಬನ ಚಡ್ಡಿ ಜೇಬಿಗೆ ಕೈ ಹಾಕಿದರೆ ಕಾಡು ಹರಳಿನ ಬೀಜ! ಬೇಲಿಯಲ್ಲಿ ಬೆಳೆದಿತ್ತು. ಕಡಲೆಬೀಜದ ಥರ ರುಚಿ ಅಂತೆ. ಗ್ಲೂಕೋಸ್ ಹಾಕಿ ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ಆ ವಾರವೇ ಬೇಲಿ ಕಡಿಸಿದೆ.

ಟೊಮ್ಯಾಟೊ ತೋಟ · ಬೆಳಿಗ್ಗೆ 8:05

ಬೀಜ ಅಂದಿದ್ದಕ್ಕೆ ನೆನಪಾಯಿತು. ಇದು ನಮ್ಮ ತಪ್ಪೇ, ಮುಚ್ಚಿಡಲ್ಲ. ಔಷಧಿ ಹೊಡೆದು ಉಳಿದಿದ್ದನ್ನು ಕೂಲ್‌ಡ್ರಿಂಕ್ಸ್ ಬಾಟ್ಲಿಗೆ ಹಾಕಿ ಶೆಡ್ಡಲ್ಲಿ ಇಟ್ಟಿದ್ದೆ. ಅಣ್ಣನ ಮಗ, ಮೂರು ವರ್ಷ, ಮುಚ್ಚಳ ನೆಕ್ಕಿದ್ದಾನೆ. ಹೊಟ್ಟೆ ನೋವು ಅಂತ ಬಂದ, ಜೊತೆಗೆ ಜೊಲ್ಲು, ಬೆವರು, ಭೇದಿ. ಡಾಕ್ಟರ್ ಟಾರ್ಚ್ ಬಿಟ್ಟು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿದೆ, ಯಾವ ಔಷಧಿ ಹೊಡೆದಿರಿ ಅಂತಲೇ ಕೇಳಿದರು. ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟು ಉಳಿಸಿದರು. ಅಸಲು ಡಬ್ಬ ಜೊತೆಗೆ ತೆಗೆದುಕೊಂಡು ಹೋಗಿದ್ದರೆ ಬೇಗ ಆಗುತ್ತಿತ್ತು. ಈಗ ಶೆಡ್ಡಿಗೆ ಬೀಗ.

ಶಿಡ್ಲಘಟ್ಟ ರೇಷ್ಮೆ · ಬೆಳಿಗ್ಗೆ 10:20

ನಮ್ಮ ಮಗಳಿಗೆ ಆರು ವರ್ಷ. ನಾಲ್ಕು ದಿನ ಹೊಟ್ಟೆ ನೋವು, ಅಪೆಂಡಿಕ್ಸ್ ಇರಬಹುದು ಅಂತ ಎರಡು ಸಲ ಸ್ಕ್ಯಾನ್. ಏನೂ ಸಿಗಲಿಲ್ಲ. ಸ್ಕೂಲಿಗೆ ಹೋಗದಿರೋಕೆ ನಾಟಕ ಅಂತ ನಾನೇ ಒಂದೇಟು ಹಾಕಿದ್ದೆ, ಈಗ ನೆನೆಸಿಕೊಂಡರೆ ಬೇಜಾರು. ಐದನೇ ದಿನ ಸ್ನಾನ ಮಾಡಿಸುವಾಗ ಮೊಣಕಾಲಿನ ಕೆಳಗೆ, ಕುಂಡೆಯ ಮೇಲೆ ಕೆಂಪು ಚುಕ್ಕೆ ಕಂಡವು. ಸೊಳ್ಳೆ ಅಂದುಕೊಂಡೆ. ನಮ್ಮತ್ತೆ ಗಾಜಿನ ಲೋಟ ಒತ್ತಿ ನೋಡಿ, ಇದು ಮಾಯ ಆಗ್ತಿಲ್ಲ ಕಣೇ, ರಕ್ತ ಅಂದರು. ಡಾಕ್ಟರ್ ಎಚ್‌ಎಸ್‌ಪಿ ಅಂದರು, ಸಣ್ಣ ರಕ್ತನಾಳಗಳ ಉರಿಯೂತ. ನೋವು ತಾನಾಗಿ ಹೋಯಿತು, ಆದರೆ ಕಿಡ್ನಿಗೆ ಬರಬಹುದು ಅಂತ ಆರು ತಿಂಗಳು ಮೂತ್ರ ಟೆಸ್ಟ್ ಮಾಡಿಸಿದೆವು. ಕಿಡ್ನಿಗೆ ಏನೂ ಆಗಿಲ್ಲ.

ಕೆಜಿಎಫ್ ಮಾಮ · ಬೆಳಿಗ್ಗೆ 11:02

ಹುಡುಗರ ಅಪ್ಪ ಅಮ್ಮಂದಿರಿಗೆ ನೇರವಾಗಿ ಹೇಳುತ್ತೇನೆ. ಹೊಟ್ಟೆ ನೋವು ಅಂದರೆ ಚಡ್ಡಿ ಬಿಚ್ಚಿಸಿ ನೋಡಿ. ನಮ್ಮ ನೆಂಟರ ಹುಡುಗ ನಾಚಿಕೆಗೆ ಎರಡು ದಿನ ಕೆಳಹೊಟ್ಟೆ ಅಂತಲೇ ಹೇಳಿದ. ಬೀಜ, ಅಂದರೆ ವೃಷಣ, ತಿರುಚಿಕೊಂಡಿತ್ತು. ನೋವು ಶುರುವಾದ ಆರು ಗಂಟೆಯೊಳಗೆ ಆ ತಿರುಚು ಬಿಡಿಸಬೇಕಂತೆ. ಒಂದನ್ನು ತೆಗೆಯಬೇಕಾಯಿತು.

ಮಾಲೂರು ಅಪ್ಪ · ಬೆಳಿಗ್ಗೆ 11:40

ನಮ್ಮದು ಸಕ್ಕರೆ ಕಾಯಿಲೆ. ನಾಲ್ಕು ವರ್ಷದ ಮಗನಿಗೆ! ಹೊಟ್ಟೆ ನೋವು, ವಾಂತಿ, ಏದುಸಿರು. ಎರಡು ವಾರದಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ. ಅಂಗಳದಲ್ಲಿ ಅವನು ಮೂತ್ರ ಮಾಡಿದ ಕಡೆ ಇರುವೆ ಮುತ್ತುತ್ತಿದ್ದವು. ನಾವು ಬೇಸಿಗೆ, ಬಾಯಾರಿಕೆ ಅಂದುಕೊಂಡಿದ್ದೆವು. ಬೆರಳು ಚುಚ್ಚಿ ನೋಡಿದಾಗ ಮೀಟರ್ ನಂಬರೇ ತೋರಿಸಲಿಲ್ಲ, 'ಹೈ' ಅಂತ ಬಂತು.

ಬಂಗಾರಪೇಟೆ ಪಾನಿಪುರಿ · ಮಧ್ಯಾಹ್ನ 12:10

ಡಾಕ್ಟ್ರೇ, ಇದೆಲ್ಲ ಓದಿದ ಮೇಲೆ ದೊಡ್ಡ ಮಗಳು ಹೊಟ್ಟೆ ನೋವು ಅಂದರೆ ನಾನು ಎಲ್ಲಿಗೆ ಓಡಲಿ? ಅವಳು ವಾರಕ್ಕೆ ಮೂರು ದಿನ ಅಂತಾಳೆ. ಅದೂ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ.

ಕೋಲಾರ ಮಕ್ಕಳ ಡಾಕ್ಟರ್ · ಮಧ್ಯಾಹ್ನ 2:45

ಓಪಿಡಿ ಈಗ ಮುಗಿಯಿತು. ಇವತ್ತು ಬಂದ ಹೊಟ್ಟೆ ನೋವು ಏಳು. ಐದು ಮಲಬದ್ಧತೆ. ದಿನಕ್ಕೆ ಒಂದು ಲೀಟರ್ ಹಾಲು, ಎರಡು ಪ್ಯಾಕೆಟ್ ಬಿಸ್ಕತ್ತು, ತರಕಾರಿ ಅಂದರೆ ವಾಂತಿ. ಹಾಲಿನ ಊರಿನಲ್ಲಿ ಹಾಲು ಕಡಿಮೆ ಮಾಡಿ ಅಂತ ಹೇಳಿ ಬೈಸಿಕೊಳ್ಳುವವನು ನಾನೊಬ್ಬನೇ ಇರಬೇಕು. ಹಾಗಾಗಿ ಮೊದಲು ಸಮಾಧಾನ ಮಾಡಿಕೊಳ್ಳಿ, ಇಲ್ಲಿ ಬರೆದಿರುವುದೆಲ್ಲ ಅಪರೂಪದ್ದೇ.

1958ರಲ್ಲಿ ಜಾನ್ ಆ್ಯಪ್ಲಿ ಅನ್ನುವ ಬ್ರಿಟಿಷ್ ಮಕ್ಕಳ ವೈದ್ಯರು ಸಾವಿರ ಶಾಲಾ ಮಕ್ಕಳನ್ನು ನೋಡಿ ಬರೆದರು. ಹತ್ತರಲ್ಲಿ ಒಂದು ಮಗುವಿಗೆ ಹೀಗೆ ಮತ್ತೆ ಮತ್ತೆ ಹೊಟ್ಟೆ ನೋವು ಬರುತ್ತಿತ್ತು, ಅವರಲ್ಲಿ ಬಹಳಷ್ಟು ಮಕ್ಕಳಿಗೆ ಒಳಗೆ ಯಾವ ರೋಗವೂ ಸಿಗಲಿಲ್ಲ. ನೋವು ಹೊಕ್ಕುಳಿನಿಂದ ದೂರ ಇದ್ದಷ್ಟೂ ರೋಗ ಇರುವ ಸಾಧ್ಯತೆ ಜಾಸ್ತಿ ಅಂತ ಅವರ ಲೆಕ್ಕ. ನಾನೂ ಮಗುವಿಗೆ 'ಒಂದೇ ಬೆರಳಲ್ಲಿ ತೋರಿಸು' ಅನ್ನುತ್ತೇನೆ. ಅಂಗೈಯನ್ನು ಹೊಕ್ಕುಳ ಮೇಲೆ ಸುತ್ತಿಸಿದರೆ ಸ್ವಲ್ಪ ನಿರಾಳ. ಬಲಗಡೆ ಒಂದೇ ಜಾಗಕ್ಕೆ ಬೆರಳಿಟ್ಟರೆ ಕುರ್ಚಿಯಿಂದ ಎದ್ದು ನೋಡುತ್ತೇನೆ. ನಿಮ್ಮ ಮಗಳ ಎಂಟೂವರೆ ನೋವು ಭಾನುವಾರ ಇರುತ್ತಾ ಅಂತ ನೋಡಿ. ಇಲ್ಲ ಅಂದರೂ ಬೈಯಬೇಡಿ, ಅವಳಿಗೆ ನೋವು ನಿಜವಾಗಿಯೇ ಆಗುತ್ತಿರುತ್ತೆ. ಸ್ಕೂಲಲ್ಲಿ ಏನಾಗಿದೆ ಕೇಳಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಇವು ಇದ್ದರೆ ಮಾತ್ರ ಬೇರೆ ದಾರಿ.

ಓಡಬೇಕಾದ್ದು ಯಾವಾಗ ಅಂತ ಕೇಳಿದಿರಿ. ಹಸಿರು ವಾಂತಿ. ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ಪಾಲಕ್ ಸೊಪ್ಪಿನ ಹಸಿರು, ಅದರಲ್ಲೂ ಎಳೆ ಮಗುವಿನಲ್ಲಿ. ಹುಟ್ಟುವಾಗಲೇ ಕರುಳು ಸರಿಯಾದ ಜಾಗದಲ್ಲಿ ಕೂತಿರದ ಮಕ್ಕಳಿರುತ್ತಾರೆ. ಅದು ಹಗ್ಗದ ಹಾಗೆ ಹೊಸೆದುಕೊಂಡರೆ ರಕ್ತ ನಿಂತುಹೋಗುತ್ತೆ. ಕೆಲವೇ ಗಂಟೆಯಲ್ಲಿ ಇಡೀ ಸಣ್ಣ ಕರುಳು ಸಾಯಬಹುದು. ಒಮ್ಮೆ ಒಬ್ಬ ತಾಯಿ ವಾಂತಿಯಾದ ಟವೆಲನ್ನೇ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಕೊಂಡು ಬಂದರು. ಆ ಬಣ್ಣ ನೋಡಿ ನಾನು ಸರ್ಜನ್‌ಗೆ ಫೋನ್ ಮಾಡಿದ್ದು, ಮಗುವನ್ನು ಮುಟ್ಟಿದ್ದು ಆಮೇಲೆ. ವಾಂತಿಯ ಫೋಟೋ ತೆಗೆದುಕೊಂಡು ಬನ್ನಿ, ಅಸಹ್ಯ ಪಡಬೇಡಿ.

ಇನ್ನು ಕೆಲವು ಸಲ ಕಾಯಿಲೆ ಹೊಟ್ಟೆಯಲ್ಲೇ ಇರಲ್ಲ. ಚಿಕ್ಕ ಮಗುವಿಗೆ ಗೊತ್ತಿರುವ ಪದವೇ 'ಹೊಟ್ಟೆ', ಎಲ್ಲಿ ನೊಂದರೂ ಅದನ್ನೇ ಹೇಳುತ್ತೆ. ಶ್ವಾಸಕೋಶದ ಕೆಳಭಾಗದ ನ್ಯುಮೋನಿಯಾ ಎಷ್ಟೋ ಸಲ ಜ್ವರ, ಹೊಟ್ಟೆ ನೋವು ಅಂತಲೇ ಬರುತ್ತೆ. ಕೆಮ್ಮು ಆಮೇಲೆ ಶುರುವಾಗುತ್ತೆ. ಅಂಗಿ ಎತ್ತಿ ಉಸಿರು ಎಣಿಸಿದರೆ ಸಿಕ್ಕಿಬೀಳುತ್ತೆ. ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಹೊಟ್ಟೆ ನೋವು ಜೋರಾದರೆ ಅದು ಅಪಾಯದ ಗುರುತು, ಜ್ವರ ಬಿಟ್ಟಿತಲ್ಲ ಅಂತ ಮನೆಯಲ್ಲಿ ಕೂರಬೇಡಿ. ಮಾಲೂರಿನವರು ಹೇಳಿದ ಬೆರಳು ಚುಚ್ಚುವ ಟೆಸ್ಟ್ ಒಂದು ನಿಮಿಷದ ಕೆಲಸ, ಆದರೂ ಎಷ್ಟೋ ಕಡೆ ನೆನಪಾಗಲ್ಲ. ಕೆಜಿಎಫ್ ಮಾಮ ಹೇಳಿದ್ದಕ್ಕೆ ಹರ್ನಿಯಾವನ್ನೂ ಸೇರಿಸಿಕೊಳ್ಳಿ. ತೊಡೆಸಂದಿಯ ಗಂಟು ಒಳಗೆ ಹೋಗದೆ ಗಟ್ಟಿಯಾಗಿ ನಿಂತರೆ ಅದೂ ತುರ್ತೇ.

ಚಿಂತಾಮಣಿ ಮೇಷ್ಟ್ರು · ಸಂಜೆ 5:30

ಎಲ್ಲ ಸರಿ. ಆದರೆ ಬಟ್ಟಿ ಜಾರಿದೆ, ಅಂದರೆ ಹೊಕ್ಕುಳ ಸರಿದಿದೆ, ಅಂತ ನಂಬಿ ನಮ್ಮ ಜನ ಮೊದಲು ಹೋಗುವುದು ಬಟ್ಟಿ ತಿಕ್ಕುವವರ ಹತ್ತಿರ. ಹೊಟ್ಟೆಗೆ ಹರಳೆಣ್ಣೆ ಹಾಕಿ ನೀವಿ ನೀವಿ ಕಳಿಸುತ್ತಾರೆ. ಇನ್ನು ಕೆಲವು ಕಡೆ ಕಾದ ಬಳೆಯಲ್ಲಿ ಬರೆ ಹಾಕುತ್ತಾರೆ. ಮೊದಲು ಇವರನ್ನೆಲ್ಲ ಒಳಗೆ ಹಾಕಬೇಕು.

ನಿವೃತ್ತ ಸ್ಟಾಫ್ ನರ್ಸ್ · ಸಂಜೆ 5:48

ಬರೆ ವಿಷಯದಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಆ ಗಾಯ ಕೀವಾಗಿ ಬಂದ ಮಕ್ಕಳನ್ನು ನೋಡಿದ್ದೇನೆ. ಹೊಟ್ಟೆ ಗಟ್ಟಿಯಾಗಿದ್ದರೆ, ಮುಟ್ಟಿದರೆ ಮಗು ಕೈ ತಳ್ಳಿದರೆ ತಿಕ್ಕಿಸಲೇಬಾರದು.

ಮುಳಬಾಗಿಲು ಅಮ್ಮ · ರಾತ್ರಿ 8:15

ಮೊದಲೇ ಬರೆಯಬೇಕಿತ್ತು, ಬೈತೀರ ಅಂತ ಬಿಟ್ಟಿದ್ದೆ. ಅವತ್ತು ದೊಡ್ಡಾಸ್ಪತ್ರೆಗೆ ಹೊರಡಿ ಅಂದವರು ಬಟ್ಟಿ ತಿಕ್ಕುವ ಅಜ್ಜಿಯೇ.

ಕ್ಲಿನಿಕ್ಕಿನಿಂದ ಬಂದ ಮೇಲೆ ನಾನೇ ಮಗನನ್ನು ಎತ್ತಿಕೊಂಡು ಹೋಗಿದ್ದೆ. ಅಜ್ಜಿ ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು, ಒಣಗಿದ ಕೈಯಲ್ಲೇ ಹೊಟ್ಟೆ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಬಲಗಡೆ ಪಕ್ಕೆಲುಬಿನ ಕೆಳಗೆ ನಿಂತರು. ಇನ್ನೊಂದು ಸಲ ಅಲ್ಲೇ ಹೋದರು. ಆಮೇಲೆ ನನ್ನ ಬೆರಳು ಹಿಡಿದು ಅದೇ ಜಾಗಕ್ಕೆ ಇಟ್ಟರು. ಒಳಗೆ ಏಲಕ್ಕಿ ಬಾಳೆಹಣ್ಣಿನ ಥರ ಏನೋ ಸಿಕ್ಕಿತು. 'ಇದು ಬಟ್ಟಿ ಅಲ್ಲ ಕಣಮ್ಮ, ನನ್ನ ಕೈಗೆ ಇಂಥದ್ದು ಸಿಕ್ಕಿಲ್ಲ. ಎಣ್ಣೆ ಮುಟ್ಟಿಸಲ್ಲ, ಎದ್ದು ಹೊರಡು' ಅಂದರು. ದಕ್ಷಿಣೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಕೋಲಾರ ಮಕ್ಕಳ ಡಾಕ್ಟರ್ · ರಾತ್ರಿ 9:05

ಒಳಹೊಕ್ಕ ಕರುಳಿನ ಗಂಟೇ ಅದು. ಮಗು ಅಳು ನಿಲ್ಲಿಸಿದ ಎರಡು ನಿಮಿಷದಲ್ಲಿ ಅದನ್ನು ಹುಡುಕಬೇಕು ಅಂತ ನಮಗೆ ಕಲಿಸುತ್ತಾರೆ, ನನಗೆ ಎಷ್ಟೋ ಸಲ ಸಿಕ್ಕಿಲ್ಲ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ಮುಳಬಾಗಿಲು ಅಮ್ಮ · ರಾತ್ರಿ 9:30

ಈಗಷ್ಟೇ ಹೇಳಿ ಬಂದೆ. ನಮಸ್ಕಾರ ಇರಲಿ, ಮಂಡಿ ನೋವಿಗೆ ಏನಾದರೂ ಬರೆದುಕೊಡ್ತಾರಾ ಕೇಳು ಅಂದರು.